ಕಿವಿಯಿಂದ ಶುರು ಮಾಡಿ, ಪ್ಲೇಯರ್‌ಗೆ ಬನ್ನಿ: ಒಳ್ಳೆಯ ಧ್ವನಿಯ ಮ್ಯೂಸಿಕ್ ಪ್ಲೇಯರ್ ಆರಿಸುವ ಸಮಗ್ರ ಮಾರ್ಗದರ್ಶಿ

ಐಪಾಡ್ ಬಂದದ್ದು 2001ರಲ್ಲಿ. ಆಪಲ್ ಅದನ್ನು ನಿಲ್ಲಿಸಿದ್ದು 2022ರ ಮೇ ತಿಂಗಳಲ್ಲಿ. ಜೇಬಿಗೊಂದು ಮ್ಯೂಸಿಕ್ ಪ್ಲೇಯರ್ ಅನ್ನುವ ಕಾಲ ಅಲ್ಲಿಗೆ ಮುಗಿಯಿತು ಅಂತ ಬಹಳ ಜನ ಅಂದುಕೊಂಡರು. ಹಾಗೇನೂ ಆಗಲಿಲ್ಲ. ಸೋನಿ ಇವತ್ತಿಗೂ ವಾಕ್‌ಮನ್ ಹೆಸರಿನಲ್ಲಿ ಪ್ಲೇಯರ್ ಮಾರುತ್ತಿದೆ. ಚೀನಾದ ಫಿಯೋ, ಹೈಬೈ, ಶಾನ್‌ಲಿಂಗ್, ಐಬಾಸೋ, ಕೊರಿಯಾದ ಆಸ್ಟೆಲ್ ಅಂಡ್ ಕರ್ನ್ ಹೊಸ ಹೊಸ ಮಾಡೆಲ್ ಬಿಡುತ್ತಲೇ ಇವೆ. ಬೆಲೆ ಕೆಲವು ಸಾವಿರ ರೂಪಾಯಿಯಿಂದ ಲಕ್ಷ ದಾಟುವವರೆಗೂ ಇದೆ.

ಇಷ್ಟರಲ್ಲಿ ಒಂದನ್ನು ಆರಿಸುವುದು ಹೇಗೆ? ಹೆಚ್ಚಿನವರು ಪ್ಲೇಯರ್ ಹುಡುಕುವುದರಿಂದಲೇ ಶುರು ಮಾಡುತ್ತಾರೆ. ಒಳಗೆ ಯಾವ ಚಿಪ್ ಇದೆ, ಎಷ್ಟು ಬಿಟ್, ಎಷ್ಟು ಕಿಲೋಹರ್ಟ್ಸ್ ಅಂತ ನೋಡಿ ದುಡ್ಡು ಕೊಟ್ಟು ಬರುತ್ತಾರೆ. ಆಮೇಲೆ ಹಳೆಯ ಇಯರ್‌ಫೋನನ್ನೇ ಅದಕ್ಕೆ ಚುಚ್ಚುತ್ತಾರೆ. ನಾನು ಹೇಳುವುದು ಇದರ ಉಲ್ಟಾ. ಮೊದಲು ನೀವು ಕೇಳುವ ಸಂಗೀತ, ಆಮೇಲೆ ಅದರ ಫೈಲು, ಆಮೇಲೆ ಇಯರ್‌ಫೋನ್ ಅಥವಾ ಹೆಡ್‌ಫೋನ್, ಇವೆಲ್ಲ ಗೊತ್ತಾದ ಮೇಲೆ ಪ್ಲೇಯರ್. ಈ ಕ್ರಮದಲ್ಲಿ ಹೋದರೆ ಆಯ್ಕೆ ಸುಲಭ. ಖರ್ಚೂ ಕಮ್ಮಿಯಾಗುತ್ತದೆ.

ಹೆಜ್ಜೆ 1: ನಿಮಗೆ ಪ್ಲೇಯರ್ ಬೇಕೇ ಬೇಕಾ?

ನೀವು ಕೇಳುವುದು ಬ್ಲೂಟೂತ್ ಇಯರ್‌ಬಡ್‌ನಲ್ಲಿ ಮಾತ್ರವೇ? ಹಾಗಾದರೆ ಪ್ಲೇಯರ್ ಕೊಳ್ಳಬೇಡಿ. ಕಾರಣ ಸರಳ. ಪ್ಲೇಯರ್‌ಗೆ ನೀವು ದುಡ್ಡು ಕೊಡುವುದು ಅದರೊಳಗಿನ ಎರಡು ಭಾಗಕ್ಕೆ. ಒಂದು, ಡಿಜಿಟಲ್ ಅಂಕಿಗಳನ್ನು ವಿದ್ಯುತ್ ಸಿಗ್ನಲ್ ಮಾಡುವ ಡ್ಯಾಕ್. ಇನ್ನೊಂದು, ಆ ಸಿಗ್ನಲ್‌ಗೆ ಬಲ ತುಂಬುವ ಆಂಪ್ಲಿಫೈಯರ್. ಬ್ಲೂಟೂತ್‌ನಲ್ಲಿ ಈ ಎರಡೂ ಕೆಲಸ ನಡೆಯುವುದು ಇಯರ್‌ಬಡ್‌ನ ಒಳಗೆ. ಪ್ಲೇಯರ್‌ನ ಡ್ಯಾಕ್ ಮತ್ತು ಆಂಪ್ಲಿಫೈಯರ್ ಸುಮ್ನೆ ಕೂತಿರುತ್ತವೆ.

ವೈರ್ ಇರುವ ಇಯರ್‌ಫೋನ್ ನಿಮ್ಮದಾದರೂ ಅವಸರ ಬೇಡ. ಮೊದಲು ಫೋನಿಗೆ ಒಂದು ಡಾಂಗಲ್ ಹಾಕಿ ನೋಡಿ. ಯುಎಸ್‌ಬಿ-ಸಿ ತುದಿಯಿಂದ 3.5 ಎಂಎಂ ಜ್ಯಾಕ್‌ಗೆ ಬದಲಾಯಿಸುವ ಚಿಕ್ಕ ವೈರ್ ಇದು. ಅದರೊಳಗೇ ಡ್ಯಾಕ್ ಮತ್ತು ಪುಟ್ಟ ಆಂಪ್ಲಿಫೈಯರ್ ಇರುತ್ತವೆ. ಆಪಲ್ ಮಾರುವ ಚಿಕ್ಕ ಅಡಾಪ್ಟರ್ ಅಳತೆಯಲ್ಲಿ ತುಂಬ ಚೆನ್ನಾಗಿದೆ ಅಂತ ಹೆಸರು ಮಾಡಿದೆ. ಒಂದೇ ತೊಂದರೆ, ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದರ ವಾಲ್ಯೂಮ್ ಪೂರ್ತಿ ಏರುವುದಿಲ್ಲ. ಆಂಡ್ರಾಯ್ಡ್ ಬಳಸುವವರು ಬೇರೆ ಕಂಪನಿಯ ಡಾಂಗಲ್ ನೋಡುವುದು ಒಳ್ಳೆಯದು.

ಡಾಂಗಲ್ ಇದ್ದೂ ಪ್ಲೇಯರ್ ಬೇಕು ಅನ್ನಿಸಲು ಒಳ್ಳೆಯ ಕಾರಣಗಳೂ ಇವೆ. ರಾಗ ಏರುತ್ತಿರುವಾಗ ಫೋನ್ ರಿಂಗ್ ಆಗಬಾರದು. ಫೋನಿನ ಬ್ಯಾಟರಿ ಹಾಡಿಗೆ ಖರ್ಚಾಗಬಾರದು. ಮೆಮೊರಿ ಕಾರ್ಡ್ ಹಾಕಲು ಜಾಗ ಬೇಕು. ಜೇಬಿನಿಂದ ತೆಗೆಯದೆ ಬಟನ್ ಒತ್ತಿ ಹಾಡು ಬದಲಿಸಬೇಕು. ದೊಡ್ಡ ಹೆಡ್‌ಫೋನ್ ನಡೆಸಲು ಡಾಂಗಲ್‌ಗೆ ಶಕ್ತಿ ಸಾಲದು. ಇವುಗಳಲ್ಲಿ ಒಂದೆರಡು ನಿಮ್ಮವಾದರೆ ಮುಂದೆ ಓದಿ. ಅಪ್ಪ, ಅಮ್ಮನಿಗೆ ಬಟನ್ ಒತ್ತಿದರೆ ಹಳೆಯ ಹಾಡು ಬರಬೇಕು, ಅಷ್ಟೇ ಸಾಕು ಅನ್ನುವವರಿಗೆ ಹಾಡು ತುಂಬಿಸಿಯೇ ಕೊಡುವ ಸಾರೆಗಮ ಕಾರ್ವಾನ್ ಥರದ್ದು ಸರಿ. ಅದರ ಲೆಕ್ಕವೇ ಬೇರೆ.

ಹೆಜ್ಜೆ 2: ನಿಮ್ಮ ಹಾಡಿನ ಫೈಲುಗಳನ್ನು ಪರೀಕ್ಷಿಸಿ

ಇದನ್ನು ಎಲ್ಲರೂ ಹಾರಿಸುತ್ತಾರೆ. ಧ್ವನಿ ಕೆಡುವುದು ಬಹುತೇಕ ಇಲ್ಲೇ.

ಸಿಡಿಯ ಧ್ವನಿ 16 ಬಿಟ್, 44.1 ಕಿಲೋಹರ್ಟ್ಸ್. ಅಂದರೆ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ ಬರೆದದ್ದು. ಸೆಕೆಂಡಿಗೆ 1411 ಕಿಲೋಬಿಟ್. ನಾಲ್ಕು ನಿಮಿಷದ ಹಾಡಿಗೆ ಸುಮಾರು 42 ಎಂಬಿ ಆಗುತ್ತದೆ. ಇದನ್ನು ಫ್ಲ್ಯಾಕ್ ಅನ್ನುವ ಬಗೆಯ ಫೈಲ್ ಮಾಡಿದರೆ ಗಾತ್ರ ಸುಮಾರು 25 ಎಂಬಿಗೆ ಇಳಿಯುತ್ತದೆ, ಆದರೆ ಧ್ವನಿಯಲ್ಲಿ ಒಂದು ಬಿಟ್ ಕೂಡ ಕಳೆದುಹೋಗುವುದಿಲ್ಲ. 320 ಕಿಲೋಬಿಟ್‌ನ ಎಂಪಿ3 ಮಾಡಿದರೆ 9.6 ಎಂಬಿ, 128 ಕಿಲೋಬಿಟ್‌ನದು ಇನ್ನೂ ಚಿಕ್ಕದು. ಎಂಪಿ3 ಗಾತ್ರ ಇಳಿಸುವುದು ಕಿವಿಗೆ ಕೇಳದು ಅಂತ ಅದು ಅಂದಾಜಿಸಿದ ಭಾಗವನ್ನು ಬಿಸಾಕಿ. 320ರಲ್ಲಿ ಆ ಅಂದಾಜು ಬಹುಮಟ್ಟಿಗೆ ಸರಿಯಾಗಿರುತ್ತದೆ. ಸಿಡಿಗೂ ಅದಕ್ಕೂ ವ್ಯತ್ಯಾಸ ಹೇಳುವುದು ಹೆಚ್ಚಿನವರಿಗೆ ಕಷ್ಟ. 128ರಲ್ಲಿ ಹಾಗಲ್ಲ. ತಾಳದ ಚಿಣ್ಣನೆಯ ಸದ್ದು, ಘಟದ ತುದಿಬೆರಳ ಪೆಟ್ಟು, ಚಪ್ಪಾಳೆ, ಇಂಥ ಕಡೆ ಧ್ವನಿ ಒಡೆದಂತೆ ಕೇಳುತ್ತದೆ.

ನಮ್ಮಲ್ಲಿ ಬಹಳ ಜನರ ಸಂಗ್ರಹ ಹುಟ್ಟಿದ್ದು ಒಂದೇ ಡಿಸ್ಕಿನಲ್ಲಿ ನೂರೈವತ್ತು ಹಾಡು ತುಂಬಿದ ಎಂಪಿ3 ಸಿಡಿಗಳಿಂದ, ಅಥವಾ ಎಲ್ಲಿಂದಲೋ ಇಳಿಸಿಕೊಂಡ ಫೈಲುಗಳಿಂದ. ಹೆಸರಿನಲ್ಲಿ 320 ಅಂತ ಇದ್ದರೂ ಒಳಗೆ 128 ಇರಬಹುದು. ಹಳೆಯ ಎಂಪಿ3ಯನ್ನು ಯಾರೋ ಮತ್ತೆ 320ಕ್ಕೋ ಫ್ಲ್ಯಾಕ್‌ಗೋ ಬದಲಿಸಿರುತ್ತಾರೆ. ಹೋದದ್ದು ಅದರಿಂದ ವಾಪಸ್ ಬರುವುದಿಲ್ಲ, ಜಾಗ ಮಾತ್ರ ದಂಡ. ಕಂಡುಹಿಡಿಯಲು ಸ್ಪೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಫೈಲನ್ನು ಅದರೊಳಗೆ ಎಳೆದು ಹಾಕಿದರೆ ಧ್ವನಿ ಯಾವ ಆವರ್ತನದವರೆಗೆ ಇದೆ ಅನ್ನುವ ಚಿತ್ರ ಬರುತ್ತದೆ. 16 ಕಿಲೋಹರ್ಟ್ಸ್ ಹತ್ತಿರ ಗೆರೆ ಎಳೆದು ಕತ್ತರಿಸಿದಂತೆ ಕಂಡರೆ ಅದರ ಮೂಲ 128ರ ಎಂಪಿ3 ಅಂತ ಅನುಮಾನಿಸಬಹುದು. ಸರಿಯಾದ 320ರದ್ದಾದರೆ ಚಿತ್ರ 20 ಕಿಲೋಹರ್ಟ್ಸ್ ಆಸುಪಾಸಿನವರೆಗೂ ಹೋಗುತ್ತದೆ.

ಆದರೆ ಈ ಪರೀಕ್ಷೆ ಹಳೆಯ ಧ್ವನಿಮುದ್ರಣಕ್ಕೆ ಹೊಂದದು. 1902ರಲ್ಲೇ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಕಾಲದ 78 ಆರ್‌ಪಿಎಂ ತಟ್ಟೆಗಳಲ್ಲಿ ಮೇಲಿನ ಆವರ್ತನಗಳು ಮೊದಲಿನಿಂದಲೂ ಇಲ್ಲ. ಮಲ್ಲಿಕಾರ್ಜುನ ಮನ್ಸೂರರ ಮೊದಮೊದಲ ತಟ್ಟೆಗಳೂ ಅಷ್ಟೆ. ಅಂಥದ್ದನ್ನು 24 ಬಿಟ್, 192 ಕಿಲೋಹರ್ಟ್ಸ್ ಫೈಲ್ ಮಾಡಿ ಮಾರಿದರೆ ನಿಮಗೆ ಸಿಗುವುದು ಜಾಸ್ತಿ ವಿವರವಿರುವ ಕರಕರ ಸದ್ದು. ಅಲ್ಲಿ ಮುಖ್ಯವಾದದ್ದು ತಟ್ಟೆಯಿಂದ ಎಷ್ಟು ಹುಷಾರಾಗಿ ಧ್ವನಿ ಇಳಿಸಿದ್ದಾರೆ ಅನ್ನುವುದು.

ಮನೆಯಲ್ಲಿ ಸಿಡಿಗಳು ಇದ್ದರೆ ಅದೇ ಆಸ್ತಿ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಸಾಫ್ಟ್‌ವೇರ್ ಬಳಸಿ ಫ್ಲ್ಯಾಕ್ ಮಾಡಿಕೊಳ್ಳಿ. ಓದಿದ್ದು ಸರಿಯಾಗಿದೆಯಾ ಅಂತ ಬೇರೆಯವರ ಸಿಡಿಯ ಲೆಕ್ಕದ ಜೊತೆ ಅದು ಹೋಲಿಸಿಯೂ ನೋಡುತ್ತದೆ. ಕ್ಯಾಸೆಟ್‌ನಲ್ಲಿ ಮಾತ್ರ ಇರುವ ಭಾವಗೀತೆಗಳನ್ನು ಒಳ್ಳೆಯ ಡೆಕ್‌ನಿಂದ, ಹೆಡ್ ಒರೆಸಿ ಸ್ವಚ್ಛ ಮಾಡಿ, ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ.

ಸ್ಟ್ರೀಮಿಂಗ್ ಕೇಳುವವರಿಗೆ ಒಂದು ಮಾತು. ಆಪಲ್ ಮ್ಯೂಸಿಕ್ 2021ರಿಂದ ಸಿಡಿ ಗುಣಮಟ್ಟ ಮತ್ತು ಅದಕ್ಕೂ ಮೇಲಿನದನ್ನು ಹೆಚ್ಚುವರಿ ಹಣವಿಲ್ಲದೆ ಕೊಡುತ್ತಿದೆ. ಆದರೆ ಸೆಟ್ಟಿಂಗ್‌ನಲ್ಲಿ ನೀವೇ ಆನ್ ಮಾಡಬೇಕು. ಯಾವುದೇ ಆ್ಯಪ್ ಆಗಲಿ, ಗುಣಮಟ್ಟದ ಸೆಟ್ಟಿಂಗ್ ಒಮ್ಮೆ ತೆರೆದು ನೋಡಿ. ‘ಡೇಟಾ ಉಳಿಸು’ ಆನ್ ಇಟ್ಟುಕೊಂಡು ದುಬಾರಿ ಪ್ಲೇಯರ್‌ನಲ್ಲಿ ಕೇಳುವವರು ಕಮ್ಮಿಯಿಲ್ಲ.

ಹೆಜ್ಜೆ 3: ಬಜೆಟ್‌ನ ದೊಡ್ಡ ಪಾಲು ಇಯರ್‌ಫೋನಿಗೆ

ಎರಡು ಸಾಧಾರಣ ಪ್ಲೇಯರ್‌ಗಳ ನಡುವೆ ಧ್ವನಿಯ ವ್ಯತ್ಯಾಸ ಕೂದಲೆಳೆಯಷ್ಟು. ಎರಡು ಇಯರ್‌ಫೋನ್‌ಗಳ ನಡುವೆ ಅದು ಅಜಗಜಾಂತರ. ಒಂದರಲ್ಲಿ ಮೃದಂಗದ ಎಡಭಾಗ ಉಬ್ಬಿ ಗಾಯನವನ್ನೇ ನುಂಗುತ್ತದೆ, ಇನ್ನೊಂದರಲ್ಲಿ ಪಿಟೀಲು ಕಿವಿಗೆ ಚುಚ್ಚುತ್ತದೆ. ಹಾಗಾಗಿ ಒಟ್ಟು ಬಜೆಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಇಯರ್‌ಫೋನಿಗೆ ಇಡಿ. ನಿಮ್ಮ ಬಳಿ ಈಗಾಗಲೇ ಒಳ್ಳೆಯದು ಇದ್ದರೆ ಮಾತ್ರ ಪ್ಲೇಯರ್‌ಗೆ ಜಾಸ್ತಿ ಖರ್ಚು ಮಾಡಿ.

ಇಯರ್‌ಫೋನಿನ ರಬ್ಬರ್ ತುದಿ ಕಿವಿಗೆ ಸರಿಯಾಗಿ ಕೂರದಿದ್ದರೆ ಮಂದ್ರದ ಧ್ವನಿ ಸೋರಿ ಹೋಗುತ್ತದೆ. ಪೆಟ್ಟಿಗೆಯಲ್ಲಿ ಕೊಟ್ಟ ಎಲ್ಲ ಅಳತೆಗಳನ್ನೂ ಹಾಕಿ ನೋಡಿ. ಎರಡು ಕಿವಿಗೆ ಎರಡು ಬೇರೆ ಅಳತೆ ಬೇಕಾಗುವುದೂ ಉಂಟು.

ಈಗ ಇಯರ್‌ಫೋನಿನ ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಒಂದು ಇಂಪೀಡೆನ್ಸ್, ಅಂದರೆ ವಿದ್ಯುತ್ ಹರಿವಿಗೆ ಅದು ಒಡ್ಡುವ ತಡೆ, ಅದರ ಅಳತೆ ಓಮ್. ಸಾಮಾನ್ಯ ಇಯರ್‌ಫೋನಿಗೆ 16ರಿಂದ 32 ಓಮ್ ಇರುತ್ತದೆ. ಸೆನ್‌ಹೈಸರ್ ಎಚ್‌ಡಿ 600 ಥರದ ಸ್ಟುಡಿಯೋ ಹೆಡ್‌ಫೋನಿಗೆ 300 ಓಮ್. ಎರಡನೆಯದು ಸೆನ್ಸಿಟಿವಿಟಿ, ಅಂದರೆ ಇಷ್ಟು ವಿದ್ಯುತ್ ಕೊಟ್ಟರೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದು. ಇಲ್ಲೊಂದು ಮೋಸವಿದೆ. ಕೆಲವು ಕಂಪನಿ ಇದನ್ನು ಒಂದು ಮಿಲಿವ್ಯಾಟ್‌ಗೆ ಹೇಳುತ್ತವೆ, ಕೆಲವು ಒಂದು ವೋಲ್ಟ್‌ಗೆ. 16 ಓಮ್‌ನ ಇಯರ್‌ಫೋನಿನಲ್ಲಿ ಮಿಲಿವ್ಯಾಟ್‌ಗೆ 105 ಡೆಸಿಬೆಲ್ ಅಂದರೂ, ವೋಲ್ಟ್‌ಗೆ 123 ಡೆಸಿಬೆಲ್ ಅಂದರೂ ಒಂದೇ. ಹೋಲಿಸುವಾಗ ಯಾವ ಲೆಕ್ಕ ಅಂತ ನೋಡಿಕೊಳ್ಳಿ.

ಹೆಜ್ಜೆ 4: ಪ್ಲೇಯರ್‌ನ ಮೂರು ಅಂಕಿಗಳನ್ನು ಇಯರ್‌ಫೋನಿಗೆ ಹೊಂದಿಸಿ

ಈ ಮಾರ್ಗದರ್ಶಿಯ ತಿರುಳು ಇದು. ಸ್ವಲ್ಪ ಲೆಕ್ಕ ಬರುತ್ತದೆ, ಹೆದರಬೇಡಿ.

ಮೊದಲನೆಯದು ಶಕ್ತಿ. ಸಂಗೀತದ ಅತಿ ಜೋರಿನ ಕ್ಷಣಕ್ಕೆ 110 ಡೆಸಿಬೆಲ್ ತಲುಪಿದರೆ ಧಾರಾಳವಾಯಿತು. ಮಿಲಿವ್ಯಾಟ್‌ಗೆ 105 ಡೆಸಿಬೆಲ್ ಕೊಡುವ ಇಯರ್‌ಫೋನಿಗೆ ಅಲ್ಲಿಗೆ ಹೋಗಲು ಬೇಕಾದದ್ದು ಬರೀ 3 ಮಿಲಿವ್ಯಾಟ್. ಯಾವ ಪ್ಲೇಯರ್ ಬೇಕಾದರೂ ಕೊಡುತ್ತದೆ. 97 ಡೆಸಿಬೆಲ್‌ನ, 300 ಓಮ್‌ನ ಹೆಡ್‌ಫೋನಿಗೆ ಬೇಕಾದದ್ದು 20 ಮಿಲಿವ್ಯಾಟ್. ಕೇಳಲು ಚಿಕ್ಕ ಅಂಕಿ. ಆದರೆ 300 ಓಮ್‌ಗೆ 20 ಮಿಲಿವ್ಯಾಟ್ ತಳ್ಳಲು ಸುಮಾರು ಎರಡೂವರೆ ವೋಲ್ಟ್ ಬೇಕು. ಒಂದು ವೋಲ್ಟ್ ಕೊಡುವ ಚಿಕ್ಕ ಡಾಂಗಲ್‌ಗೆ ಇದು ಆಗದ ಕೆಲಸ. ಇನ್ನು ಪ್ಲೇನಾರ್ ಮ್ಯಾಗ್ನೆಟಿಕ್ ಹೆಡ್‌ಫೋನ್‌ಗಳು, ಅಂದರೆ ತೆಳು ಹಾಳೆಯೊಂದನ್ನು ಅಯಸ್ಕಾಂತದಿಂದ ಅಲುಗಾಡಿಸಿ ಸದ್ದು ಮಾಡುವವು. ಇವುಗಳ ಇಂಪೀಡೆನ್ಸ್ ಕಮ್ಮಿ, ಆದರೆ ಕೆಲವು ವಿದ್ಯುತ್ ಕುಡಿಯುತ್ತವೆ. ಮಿಲಿವ್ಯಾಟ್‌ಗೆ 90 ಡೆಸಿಬೆಲ್ ಅಂದರೆ 110 ಮುಟ್ಟಲು 100 ಮಿಲಿವ್ಯಾಟ್ ಬೇಕು.

ಜಾಹೀರಾತಿನಲ್ಲಿ ‘500 ಮಿಲಿವ್ಯಾಟ್’ ಅಂತ ಕಂಡ ತಕ್ಷಣ ಕೇಳಿ: ಎಷ್ಟು ಓಮ್‌ಗೆ? ಅದು ಸಾಮಾನ್ಯವಾಗಿ 32 ಓಮ್‌ನ ಲೆಕ್ಕ. ಗರಿಷ್ಠ 2 ವೋಲ್ಟ್ ಕೊಡುವ ಪ್ಲೇಯರ್ 32 ಓಮ್‌ಗೆ 125 ಮಿಲಿವ್ಯಾಟ್ ಕೊಟ್ಟರೆ, 300 ಓಮ್‌ಗೆ ಕೊಡುವುದು 13 ಮಾತ್ರ. ನಿಮ್ಮ ಹೆಡ್‌ಫೋನಿನ ಓಮ್‌ಗೆ ಎಷ್ಟು ಸಿಗುತ್ತದೆ ಅನ್ನುವುದಷ್ಟೇ ನಿಮಗೆ ಬೇಕಾದ ಅಂಕಿ.

4.4 ಎಂಎಂನ ಬ್ಯಾಲೆನ್ಸ್ಡ್ ಜ್ಯಾಕ್ ಬಗ್ಗೆ ಬಹಳ ಮಾತು ಕೇಳುತ್ತೀರಿ. ಅದರಲ್ಲಿ ಎಡ, ಬಲ ಎರಡೂ ಕಡೆಗೆ ಪ್ರತ್ಯೇಕ ಆಂಪ್ಲಿಫೈಯರ್ ಜೋಡಿ ಕೆಲಸ ಮಾಡುತ್ತದೆ. ಹೆಚ್ಚಿನ ಪ್ಲೇಯರ್‌ಗಳಲ್ಲಿ ಇದರಿಂದ ವೋಲ್ಟೇಜ್ ಸುಮಾರು ಎರಡು ಪಟ್ಟಾಗುತ್ತದೆ. 300 ಓಮ್ ಹೆಡ್‌ಫೋನ್ ಇಟ್ಟುಕೊಂಡವರಿಗೆ ಇದು ನಿಜವಾದ ಲಾಭ. 16 ಓಮ್ ಇಯರ್‌ಫೋನ್ ಇಟ್ಟುಕೊಂಡವರಿಗೆ ಬೇಕಿಲ್ಲದ ಬಲ. ಬ್ಯಾಲೆನ್ಸ್ಡ್ ಅಂದ ಮಾತ್ರಕ್ಕೆ ಧ್ವನಿ ಹೆಚ್ಚು ಶುದ್ಧ ಅನ್ನುವುದು ಸುಳ್ಳು.

ಎರಡನೆಯದು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಪ್ಲೇಯರ್‌ನ ಕಡೆಯ ತಡೆ. ಅಂಗಡಿಯವರು ಹೇಳುವುದಿಲ್ಲ, ಎಷ್ಟೋ ಕಂಪನಿಗಳು ಬರೆಯುವುದೂ ಇಲ್ಲ. ಆದರೆ ಪ್ಲೇಯರ್ ನಿಮ್ಮ ಇಯರ್‌ಫೋನಿನ ಧ್ವನಿಯನ್ನು ಬದಲಿಸಿಬಿಡುವ ನಿಜವಾದ ಜಾಗ ಇದು. ನಿಯಮ ಸುಲಭ: ಇಯರ್‌ಫೋನಿನ ಓಮ್ ಪ್ಲೇಯರ್‌ನ ಔಟ್‌ಪುಟ್ ಓಮ್‌ಗಿಂತ ಎಂಟು ಪಟ್ಟಾದರೂ ಇರಲಿ. 16 ಓಮ್ ಇಯರ್‌ಫೋನಿಗೆ ಪ್ಲೇಯರ್ 2 ಓಮ್ ಮೀರಬಾರದು. ಒಂದಕ್ಕಿಂತ ಕಮ್ಮಿ ಇದ್ದರೆ ಚಿಂತೆಯೇ ಇಲ್ಲ.

ಯಾಕೆ ಅಂತೀರಾ? ಒಂದೇ ಇಯರ್‌ಫೋನಿನೊಳಗೆ ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್ (ಸದ್ದು ಹುಟ್ಟಿಸುವ ಪುಟ್ಟ ಭಾಗ, ಬ್ಯಾಲೆನ್ಸ್ಡ್ ಜ್ಯಾಕ್‌ಗೂ ಇದಕ್ಕೂ ಸಂಬಂಧವಿಲ್ಲ) ಕೂರಿಸಿದಾಗ ಅದರ ಇಂಪೀಡೆನ್ಸ್ ಒಂದೇ ಸಮ ಇರುವುದಿಲ್ಲ. ಒಂದು ಸ್ವರದ ಹತ್ತಿರ 8 ಓಮ್ ಇದ್ದರೆ ಇನ್ನೊಂದರ ಹತ್ತಿರ 40 ಓಮ್ ಇರಬಹುದು. ಪ್ಲೇಯರ್‌ನ ಔಟ್‌ಪುಟ್ 10 ಓಮ್ ಆಗಿದ್ದರೆ, 8 ಓಮ್ ಇರುವ ಕಡೆ ಧ್ವನಿ 7 ಡೆಸಿಬೆಲ್ ಕುಸಿಯುತ್ತದೆ, 40 ಇರುವ ಕಡೆ ಬರೀ 2. ಅಂದರೆ ಕಾರ್ಖಾನೆಯವರು ಸರಿಯಾಗಿ ಹೊಂದಿಸಿದ್ದ ಸಮತೋಲ 5 ಡೆಸಿಬೆಲ್ ಕೆಟ್ಟಿತು. ಅದೇ ಪ್ಲೇಯರ್ 1 ಓಮ್‌ನದ್ದಾದರೆ ವ್ಯತ್ಯಾಸ ಒಂದು ಡೆಸಿಬೆಲ್ಲೂ ಆಗದು. ‘ಈ ಪ್ಲೇಯರ್‌ನಲ್ಲಿ ಬಾಸ್ ಬೇರೆ ಥರ, ಆ ಪ್ಲೇಯರ್‌ನಲ್ಲಿ ಕಂಠ ಮುಂದೆ’ ಅನ್ನುವ ಎಷ್ಟೋ ವರ್ಣನೆಗಳ ಹಿಂದೆ ಇರುವುದು ಈ ಗಣಿತ. ಒಂದೇ ಡೈನಾಮಿಕ್ ಡ್ರೈವರ್ (ಚಿಕ್ಕ ಸ್ಪೀಕರ್ ಥರದ್ದು) ಇರುವ ಇಯರ್‌ಫೋನಿನಲ್ಲಿ ಇಂಪೀಡೆನ್ಸ್ ಹೆಚ್ಚುಕಮ್ಮಿ ಸಮವಾಗಿರುತ್ತದೆ, ಅಲ್ಲಿ ಈ ತೊಂದರೆ ಕಮ್ಮಿ.

ಮೂರನೆಯದು ಹಿನ್ನೆಲೆಯ ಸದ್ದು. ಸೂಕ್ಷ್ಮ ಇಯರ್‌ಫೋನ್ ಹಾಕಿದಾಗ ಹಾಡಿನ ಹಿಂದೆ ಸಣ್ಣಗೆ ‘ಸುಸ್‌’ ಅಂತ ಕೇಳಬಹುದು. ಈಗಿನ ಸಿನಿಮಾ ಹಾಡುಗಳಲ್ಲಿ ಇದು ಗೊತ್ತಾಗುವುದಿಲ್ಲ. ಅವು ಶುರುವಿನಿಂದ ಕೊನೆಯವರೆಗೆ ಒಂದೇ ಜೋರಿನಲ್ಲಿರುತ್ತವೆ. ಆದರೆ ವಿಲಂಬಿತ ಖಯಾಲ್‌ನ ಮೊದಲ ಆಲಾಪದಲ್ಲಿ, ವೀಣೆಯ ತಾನದಲ್ಲಿ ಮೀಟು ಮೀಟಿನ ನಡುವೆ ನಾದ ಕರಗುವಾಗ, ಈ ಸದ್ದು ತಂಬೂರಿಯ ಜೊತೆ ಸೇರಿಕೊಂಡು ಕಾಟ ಕೊಡುತ್ತದೆ. ಶಾಸ್ತ್ರೀಯ ಸಂಗೀತ ಕೇಳುವವರು ಶಕ್ತಿಗಿಂತ ಮೊದಲು ಇದನ್ನು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಶಕ್ತಿ ಜಾಸ್ತಿ ಇರುವ ಪ್ಲೇಯರ್‌ನಲ್ಲಿ ಈ ಸದ್ದೂ ಜಾಸ್ತಿ ಇರುವ ಸಂಭವ ಉಂಟು. ಗೇನ್ (ಆಂಪ್ಲಿಫೈಯರ್ ಎಷ್ಟು ಬಲ ತುಂಬಬೇಕು ಅನ್ನುವ) ಸೆಟ್ಟಿಂಗ್ ಇದ್ದರೆ ಇಯರ್‌ಫೋನಿಗೆ ಯಾವಾಗಲೂ ‘ಲೋ’ ಇಡಿ.

ಪರೀಕ್ಷೆ ಮಾಡುವಾಗ ಹಾಡನ್ನು ನಡುವೆ ನಿಲ್ಲಿಸಿ ಕೇಳಬೇಡಿ. ಹಾಡು ನಿಂತ ಕೂಡಲೇ ಹಲವು ಪ್ಲೇಯರ್‌ಗಳು ಔಟ್‌ಪುಟ್ ಬಂದ್ ಮಾಡಿಬಿಡುತ್ತವೆ, ಆಗ ಎಲ್ಲವೂ ನಿಶ್ಶಬ್ದ. ಏನೂ ಶಬ್ದವಿಲ್ಲದ ಒಂದು ನಿಮಿಷದ ಫೈಲ್ ಮಾಡಿಕೊಂಡು ಅದನ್ನು ನುಡಿಸಿ ಕೇಳಿ. ಹಾಗೆಯೇ ವೈಫೈ ಆನ್ ಮಾಡಿ, ಕಾರ್ಡಿನಲ್ಲಿ ಹಾಡು ಹುಡುಕಿಸಿ. ಟಿಕ್‌ಟಿಕ್ ಸದ್ದು ಬಂದರೆ ಆ ಪ್ಲೇಯರ್ ಬೇಡ.

ಹೆಜ್ಜೆ 5: ಚಿಪ್‌ನ ಹೆಸರು, ಹೈ-ರೆಸ್ ಚಿನ್ನದ ಚೀಟಿ

ಬೇಗ ಮುಗಿಸೋಣ. ಇಎಸ್ಎಸ್, ಎಕೆಎಂ, ಸಿರಸ್ ಲಾಜಿಕ್, ಯಾವ ಕಂಪನಿಯ ಈಗಿನ ಡ್ಯಾಕ್ ಚಿಪ್ ಆದರೂ ನಿಮ್ಮ ಕಿವಿಯ ಮಿತಿ ದಾಟಿದೆ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಒಕಾದಲ್ಲಿ ಎಕೆಎಂ ಕಾರ್ಖಾನೆಗೆ ಬೆಂಕಿ ಬಿತ್ತು. ಚಿಪ್ ಸಿಗದೆ ಹಲವು ಕಂಪನಿಗಳು ಬೇರೆಯವರ ಚಿಪ್ ಹಾಕಬೇಕಾಯಿತು. ಫಿಯೋ ತನ್ನ ಎಂ11 ಪ್ಲಸ್ ಮಾಡೆಲನ್ನು ಮೊದಲು ಎಕೆಎಂ ಚಿಪ್‌ನಲ್ಲಿ, ಆಮೇಲೆ ಇಎಸ್ಎಸ್ ಚಿಪ್‌ನಲ್ಲಿ ಮಾರಿತು. ಚಿಪ್ ಬದಲಾದರೂ ಪ್ಲೇಯರ್ ನಡೆಯಿತು. ಧ್ವನಿಯನ್ನು ತೀರ್ಮಾನಿಸುವುದು ಚಿಪ್‌ನ ಸುತ್ತ ಕಟ್ಟಿದ ಆಂಪ್ಲಿಫೈಯರ್, ಪವರ್ ಸಪ್ಲೈ ಮತ್ತು ಸಾಫ್ಟ್‌ವೇರ್.

ಹೈ-ರೆಸ್, ಅಂದರೆ ಸಿಡಿಗಿಂತ ಜಾಸ್ತಿ ಬಿಟ್, ಕಿಲೋಹರ್ಟ್ಸ್ ಇರುವ ಫೈಲುಗಳ ವಿಷಯವೂ ಇಷ್ಟೇ. 44.1 ಕಿಲೋಹರ್ಟ್ಸ್‌ನಲ್ಲಿ 22 ಕಿಲೋಹರ್ಟ್ಸ್‌ವರೆಗಿನ ಧ್ವನಿ ಪೂರ್ತಿ ಹಿಡಿಯುತ್ತದೆ. ಮನುಷ್ಯನ ಕಿವಿ ಎಳೆವಯಸ್ಸಿನಲ್ಲಿ 20ರವರೆಗೆ ಕೇಳುತ್ತದೆ, ವಯಸ್ಸಾದಂತೆ ಅದೂ ಇಳಿಯುತ್ತದೆ. 16 ಬಿಟ್ ಅಂದರೆ ಅತಿ ಮೆಲ್ಲನೆಯದಕ್ಕೂ ಅತಿ ಜೋರಿನದಕ್ಕೂ 96 ಡೆಸಿಬೆಲ್ ಅಂತರ. ಬಿಎಂಟಿಸಿ ಬಸ್ಸಿನಲ್ಲಿ ಅದರ ಅರ್ಧವೂ ಕೇಳಿಸದು. ಹೈ-ರೆಸ್ ಆವೃತ್ತಿ ಕೆಲವೊಮ್ಮೆ ಚೆನ್ನಾಗಿರುವುದು ಅದನ್ನು ಬೇರೆಯಾಗಿ, ಹೆಚ್ಚು ಎಚ್ಚರದಿಂದ ಮಾಸ್ಟರ್ ಮಾಡಿದ್ದರಿಂದ, ಅಂದರೆ ಬಿಡುಗಡೆಗೆ ಮುಂಚೆ ಧ್ವನಿಯನ್ನು ಕೊನೆಯದಾಗಿ ಹದ ಮಾಡಿದ್ದರಿಂದ. ಉಚಿತವಾಗಿ ಬಂದರೆ ಬೇಡ ಅನ್ನಬೇಡಿ. ಅದಕ್ಕೋಸ್ಕರ ದುಡ್ಡು ಹಾಕಬೇಡಿ.

ಹೆಜ್ಜೆ 6: ದಿನಾ ಕೈಗೆ ಸಿಗುವ ವಿಷಯಗಳು

ಪ್ಲೇಯರ್‌ಗಳಲ್ಲಿ ಎರಡು ಜಾತಿ. ಆಂಡ್ರಾಯ್ಡ್ ಇರುವವು, ಇಲ್ಲದವು. ಸ್ಟ್ರೀಮಿಂಗ್ ಆ್ಯಪ್ ಬೇಕು ಅಂದರೆ ಪ್ಲೇ ಸ್ಟೋರ್ ಇರುವ ಆಂಡ್ರಾಯ್ಡ್ ಪ್ಲೇಯರ್ ಬೇಕು. ಆದರೆ ನೆನಪಿಡಿ, ಹೆಚ್ಚಿನ ಪ್ಲೇಯರ್‌ಗಳಲ್ಲಿ ಸಿಮ್ ಇರುವುದಿಲ್ಲ. ಹೊರಗಡೆ ಫೋನಿನ ಹಾಟ್‌ಸ್ಪಾಟ್ ಬೇಕು, ಇಲ್ಲವೇ ಮೊದಲೇ ಇಳಿಸಿಕೊಂಡಿರಬೇಕು. ಆಂಡ್ರಾಯ್ಡ್ ಹಳತಾದಂತೆ ಆ್ಯಪ್‌ಗಳು ಒಂದೊಂದಾಗಿ ಕೈಬಿಡುತ್ತವೆ ಅನ್ನುವುದೂ ಲೆಕ್ಕದಲ್ಲಿರಲಿ. ಆಂಡ್ರಾಯ್ಡ್ ಇಲ್ಲದವು ಬೇಗ ಆನ್ ಆಗುತ್ತವೆ, ಬ್ಯಾಟರಿ ಜಾಸ್ತಿ ಬರುತ್ತದೆ, ಬೆಲೆಯೂ ಕಮ್ಮಿ. ಸ್ವಂತ ಫೈಲುಗಳಿದ್ದರೆ ನನ್ನ ಮತ ಇವಕ್ಕೇ.

ಆದರೆ ಕನ್ನಡಿಗರಿಗೆ ಇಲ್ಲೊಂದು ತೊಡಕಿದೆ. ಆಂಡ್ರಾಯ್ಡ್ ಇಲ್ಲದ ಎಷ್ಟೋ ಪ್ಲೇಯರ್‌ಗಳಿಗೆ ಕನ್ನಡ ಅಕ್ಷರ ಬರುವುದಿಲ್ಲ. ಹಾಡಿನ ಹೆಸರಿನ ಜಾಗದಲ್ಲಿ ಚೌಕಗಳು ಕಾಣುತ್ತವೆ, ಅಥವಾ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ. ಚೀನಿ, ಜಪಾನಿ ಅಕ್ಷರ ಚೆನ್ನಾಗಿ ತೋರಿಸುವ ಪ್ಲೇಯರ್ ಕನ್ನಡದ ಮುಂದೆ ತಡವರಿಸಬಹುದು. ಕೊಳ್ಳುವ ಮೊದಲು ‘ಶ್ರೀರಂಗ’, ‘ಕೃಷ್ಣ’, ‘ಸ್ವಾತಂತ್ರ್ಯ’ ಇಂಥ ಪದಗಳಿರುವ ಒಂದೆರಡು ಫೈಲ್ ಹಾಕಿ ನೋಡಿ. ಬರದಿದ್ದರೆ ಎಂಪಿ3ಟ್ಯಾಗ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿಕೊಳ್ಳಬೇಕು. ಸಾವಿರಾರು ಹಾಡು ಇದ್ದವರಿಗೆ ಇದು ದೊಡ್ಡ ಕೆಲಸ. ಟ್ಯಾಗ್ (ಫೈಲಿನೊಳಗೆ ಬರೆದಿಡುವ ಹಾಡು, ಕಲಾವಿದರ ಹೆಸರು) ತುಂಬುವಾಗ ಕಲಾವಿದರ ಹೆಸರನ್ನು ಎಲ್ಲ ಕಡೆ ಒಂದೇ ಥರ ಬರೆಯಿರಿ. ಭೀಮಸೇನ ಜೋಶಿ, ಪಂ. ಭೀಮಸೇನ್ ಜೋಷಿ, ಪಂಡಿತ್ ಭೀಮಸೇನ ಜೋಶಿ ಅಂತ ಇದ್ದರೆ ಪ್ಲೇಯರ್ ಅವರನ್ನು ಮೂರು ಜನ ಅಂದುಕೊಳ್ಳುತ್ತದೆ.

ಗ್ಯಾಪ್‌ಲೆಸ್ ಸೌಲಭ್ಯ ಇದೆಯಾ ನೋಡಿ. ಅಂದರೆ ಒಂದು ಟ್ರ್ಯಾಕ್ ಮುಗಿದು ಇನ್ನೊಂದು ಶುರುವಾಗುವಾಗ ನಡುವೆ ಕಡಿತ ಇರಬಾರದು. ಸಿನಿಮಾ ಹಾಡಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಕಛೇರಿಯ ಸಿಡಿಯಲ್ಲಿ ರಾಗ, ತಾನ, ಪಲ್ಲವಿ ಬೇರೆ ಬೇರೆ ಟ್ರ್ಯಾಕ್ ಆಗಿರುತ್ತವೆ. ತಾನದಿಂದ ಪಲ್ಲವಿಗೆ ಹೋಗುವಾಗ ಶ್ರುತಿ ಅರೆಕ್ಷಣ ಕಡಿದು ಮತ್ತೆ ಬಂದರೆ ರಸಭಂಗ, ಅಲ್ವಾ? ಎಂಪಿ3 ಫೈಲಿನ ಹಿಂದೆ ಮುಂದೆ ಸಣ್ಣ ಖಾಲಿ ಜಾಗ ಸೇರಿರುತ್ತದೆ, ಅದನ್ನು ಪ್ಲೇಯರೇ ಅರಿತು ಕತ್ತರಿಸಬೇಕು. ಫ್ಲ್ಯಾಕ್‌ನಲ್ಲಿ ಆ ತಲೆನೋವಿಲ್ಲ.

ಮೆಮೊರಿಗೆ ಬಂದರೆ, 128 ಜಿಬಿ ಕಾರ್ಡಿನಲ್ಲಿ ಸುಮಾರು ಐದು ಸಾವಿರ ಫ್ಲ್ಯಾಕ್ ಹಾಡು ಹಿಡಿಸುತ್ತವೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡರೂ ಆನ್‌ಲೈನಿನಲ್ಲಿ ಕೊಂಡರೂ ಕಾರ್ಡನ್ನು ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಸಾಫ್ಟ್‌ವೇರ್‌ನಲ್ಲಿ ಪರೀಕ್ಷಿಸಿ. ಮೇಲೆ 128 ಅಂತ ಬರೆದು ಒಳಗೆ 16 ಇರುವ ನಕಲಿ ಕಾರ್ಡುಗಳು ಇವೆ. ಜಾಗ ತುಂಬಿದ ಮೇಲೆ ಹಾಕಿದ ಹಾಡುಗಳೆಲ್ಲ ಹಾಳು.

ಬಟನ್‌ಗಳನ್ನು ಕಣ್ಣು ಮುಚ್ಚಿ ಒತ್ತಿ ನೋಡಿ. ವಾಲ್ಯೂಮ್‌ನ ಒಂದೊಂದು ಮೆಟ್ಟಿಲೂ ಚಿಕ್ಕದಿರಬೇಕು. ರಾತ್ರಿ ಮಲಗಿ ಕೇಳುವಾಗ ಒಂದು ಮೆಟ್ಟಿಲು ಕಮ್ಮಿ, ಮುಂದಿನದು ಜಾಸ್ತಿ ಅನ್ನಿಸಬಾರದು.

ಹೆಜ್ಜೆ 7: ಕೇಳಿ ಹೋಲಿಸುವ ಕ್ರಮ

ಅಂಗಡಿಗೆ ಹೋಗುವಾಗ ನಿಮ್ಮದೇ ಇಯರ್‌ಫೋನ್, ನಿಮ್ಮದೇ ಹಾಡಿನ ಕಾರ್ಡ್ ಒಯ್ಯಿರಿ. ಅವರು ನುಡಿಸುವ ಡೆಮೊ ಹಾಡು ಯಾವ ಪ್ಲೇಯರ್‌ನಲ್ಲೂ ಚೆನ್ನಾಗಿಯೇ ಕೇಳುತ್ತದೆ. ನೂರಾರು ಸಲ ಕೇಳಿದ ನಾಲ್ಕೈದು ತುಣುಕು ಸಾಕು. ನನ್ನ ಪಟ್ಟಿಯಲ್ಲಿ ಯಾವಾಗಲೂ ಇರುವವು: ದೊರೆಸ್ವಾಮಿ ಅಯ್ಯಂಗಾರರ ವೀಣೆ (ನಾದ ಕರಗುವುದು ಕೇಳಲು), ಗಂಗೂಬಾಯಿ ಹಾನಗಲ್ಲರ ಕಂಠ (ಮಂದ್ರದ ಭಾರಕ್ಕೆ), ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ (ಚುಚ್ಚುತ್ತದೆಯಾ ನೋಡಲು), ಎಸ್. ಜಾನಕಿ ಹಾಡಿದ ಒಂದು ಹಳೆಯ ಚಿತ್ರಗೀತೆ, ಮತ್ತೆ ಈಗಿನ ಕಾಲದ ಒಂದು ಜೋರು ಡ್ಯಾನ್ಸ್ ಹಾಡು.

ಹೋಲಿಸುವಾಗ ಎರಡೂ ಪ್ಲೇಯರ್ ಒಂದೇ ಜೋರಿನಲ್ಲಿರಬೇಕು. ಇದು ಬಹಳ ಮುಖ್ಯ. ಸ್ವಲ್ಪವೇ ಜೋರಾಗಿರುವುದು ನಮ್ಮ ಕಿವಿಗೆ ‘ಹೆಚ್ಚು ಸ್ಪಷ್ಟ’ ಅಂತ ಕೇಳುತ್ತದೆ, ‘ಹೆಚ್ಚು ಜೋರು’ ಅಂತ ಅಲ್ಲ. ಈಕ್ವಲೈಜರ್, ‘ಬಾಸ್ ಬೂಸ್ಟ್’, ‘ಸರೌಂಡ್’ ಎಲ್ಲ ಆಫ್ ಮಾಡಿ. ಸಾಧ್ಯವಾದರೆ ಗೆಳೆಯರ ಕೈಯಲ್ಲಿ ಪ್ಲೇಯರ್ ಬದಲಿಸಲು ಹೇಳಿ, ಯಾವುದು ಅಂತ ನೋಡದೆ ಕೇಳಿ. ಫೈಲುಗಳ ವ್ಯತ್ಯಾಸ ಪರೀಕ್ಷಿಸಲು ಕಂಪ್ಯೂಟರ್‌ನ ಫೂಬಾರ್2000 ಅನ್ನುವ ಹಾಡು ನುಡಿಸುವ ಸಾಫ್ಟ್‌ವೇರ್‌ನಲ್ಲಿ ಎಬಿಎಕ್ಸ್ (ಯಾವ ಫೈಲ್ ಅಂತ ಹೇಳದೆ ಕೇಳಿಸುವ ಪರೀಕ್ಷೆ) ಅನ್ನುವ ಸೌಲಭ್ಯ ಸೇರಿಸಿಕೊಳ್ಳಬಹುದು. ಕಣ್ಣು ಕಟ್ಟಿ ಕೇಳಿದಾಗ ವ್ಯತ್ಯಾಸ ಗೊತ್ತಾಗದಿದ್ದರೆ ಖುಷಿಪಡಿ, ಕಮ್ಮಿ ಬೆಲೆಯದನ್ನು ತೆಗೆದುಕೊಳ್ಳಿ.

ಹೆಜ್ಜೆ 8: ದುಡ್ಡು ಕೊಡುವ ಮುಂಚೆ, ಕೊಟ್ಟ ಮೇಲೆ

ಭಾರತದ ವಾರಂಟಿ ಇರುವುದನ್ನೇ ಕೊಳ್ಳಿ. ಹೊರದೇಶದಿಂದ ನೇರ ತರಿಸಿದರೆ ಕಸ್ಟಮ್ಸ್ ಸುಂಕ ಬೀಳಬಹುದು, ರಿಪೇರಿಗೆ ವಾಪಸ್ ಕಳಿಸುವ ಖರ್ಚು ನಿಮ್ಮದೇ. ಅಮೆರಿಕದಿಂದ ಬರುವ ಮಗನ ಕೈಯಲ್ಲಿ ತರಿಸುವವರೂ ಈ ರಿಪೇರಿ ವಿಷಯ ಯೋಚಿಸಿ.

ಸೆಕೆಂಡ್ ಹ್ಯಾಂಡ್ ಆದರೆ ಮೊದಲು ಹಿಂಬದಿ ನೋಡಿ. ಸ್ವಲ್ಪ ಉಬ್ಬಿದ್ದರೂ ಬ್ಯಾಟರಿ ಕೆಟ್ಟಿದೆ, ಮುಟ್ಟಬೇಡಿ. ಜ್ಯಾಕ್‌ನಲ್ಲಿ ವೈರ್ ಅಲ್ಲಾಡಿಸಿದಾಗ ಒಂದು ಕಡೆ ಧ್ವನಿ ಹೋಗುತ್ತದೆಯಾ ನೋಡಿ. ಹಳೆಯ ಐಪಾಡ್ ಕ್ಲಾಸಿಕ್‌ಗೆ ಇವತ್ತಿಗೂ ಅಭಿಮಾನಿಗಳಿದ್ದಾರೆ. 2014ರಲ್ಲಿ ನಿಂತುಹೋದ ಮಾಡೆಲ್ ಅದು, ಒಳಗೆ ತಿರುಗುವ ಹಾರ್ಡ್ ಡಿಸ್ಕ್. ಫ್ಲ್ಯಾಕ್ ನುಡಿಸುವುದಿಲ್ಲ, ಆಪಲ್‌ನದೇ ಎಎಲ್‌ಎಸಿಗೆ ಬದಲಿಸಬೇಕು. ಕೆಲವು ಐಪಾಡ್‌ಗಳಿಗೆ ರಾಕ್‌ಬಾಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದರೆ ಫ್ಲ್ಯಾಕ್ ಬರುತ್ತದೆ. ರಿಪೇರಿ ಮಾಡುವ ಹುಚ್ಚು ಇದ್ದವರಿಗೆ ಮಜಾ ವಸ್ತು, ಉಳಿದವರಿಗೆ ಬೇಡ.

ತಂದ ಮೇಲೆ ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ನಿಮ್ಮ ಪೂರ್ತಿ ಸಂಗ್ರಹವನ್ನು ಅದಕ್ಕೆ ಹಾಕಿ. ಹತ್ತು ಹಾಡಿನಲ್ಲಿ ಚುರುಕಾಗಿದ್ದದ್ದು ಐದು ಸಾವಿರಕ್ಕೆ ಉಸಿರು ಬಿಡಬಹುದು. ಪೂರ್ತಿ ಚಾರ್ಜ್ ಮಾಡಿ, ನಿಮ್ಮ ಮಾಮೂಲಿ ಜೋರಿನಲ್ಲಿ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ನೋಡಿ. ನಿಶ್ಶಬ್ದದ ಫೈಲ್, ಗ್ಯಾಪ್‌ಲೆಸ್, ಕನ್ನಡದ ಹೆಸರು, ಎಲ್ಲವನ್ನೂ ಮನೆಯಲ್ಲಿ ಇನ್ನೊಮ್ಮೆ ನೋಡಿ.

ಜೋರಿಗೂ ಒಂದು ಮಿತಿ ಹಾಕಿ. ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್‌ವರೆಗೆ ಪರವಾಗಿಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಗರಿಷ್ಠ ವಾಲ್ಯೂಮ್ ಮಿತಿಯ ಸೆಟ್ಟಿಂಗ್ ಹೆಚ್ಚಿನ ಪ್ಲೇಯರ್‌ಗಳಲ್ಲಿ ಇರುತ್ತದೆ. ಮನೆಯಲ್ಲಿ ಸದ್ದಿಲ್ಲದಾಗ ಹಿತವಾಗಿ ಕೇಳುವ ಮಟ್ಟ ಯಾವುದು ಅಂತ ನೋಡಿ, ಅದಕ್ಕಿಂತ ಸ್ವಲ್ಪವೇ ಮೇಲೆ ಆ ಮಿತಿ ಇಡಿ. ಬಸ್ಸಿನ ಗದ್ದಲ ಮೀರಿಸಲು ವಾಲ್ಯೂಮ್ ಏರಿಸಬೇಡಿ, ಹೊರಗಿನ ಸದ್ದು ಚೆನ್ನಾಗಿ ತಡೆಯುವ ರಬ್ಬರ್ ತುದಿ ಹಾಕಿಕೊಳ್ಳಿ.

ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಬ್ಯಾಟರಿ ಅರ್ಧದಷ್ಟು ಚಾರ್ಜ್ ಇರಲಿ, ಖಾಲಿ ಮಾಡಿ ಇಡಬೇಡಿ. ಕಾರ್ಡಿನಲ್ಲಿರುವ ಎಲ್ಲದರ ಇನ್ನೊಂದು ಪ್ರತಿ ಕಂಪ್ಯೂಟರ್‌ನಲ್ಲೋ ಹಾರ್ಡ್ ಡಿಸ್ಕಿನಲ್ಲೋ ಇರಲಿ. ಕಾರ್ಡುಗಳು ಮುನ್ಸೂಚನೆ ಕೊಟ್ಟು ಸಾಯುವುದಿಲ್ಲ, ಕ್ಯಾಸೆಟ್‌ನಿಂದ ಇಳಿಸಿದ್ದು ಹೋದರೆ ಮತ್ತೆ ಇಳಿಸುವಷ್ಟರಲ್ಲಿ ಆ ಕ್ಯಾಸೆಟ್‌ಗೇ ಬೂಸ್ಟು ಹಿಡಿದಿರುತ್ತದೆ.